ಪಂಡಿತಾ ರಮಾಬಾಯಿಯವರು

ಸೇಡಮ್, ಚಿತ್ತಾಪುರಗಳಲ್ಲಿ ಗಾಡಿ ಹತ್ತಿ ವಾಡಿಯಲ್ಲಿಳಿದು, ಅಲ್ಲಿಂದ ಶಹಾಬಾದ್, ಕಲಬುರಗಿ, ಸೊಲ್ಲಾಪುರಗಳ ಮಾರ್ಗವಾಗಿ ಪುಣೆಗೆ ಹೋಗುವವರಿಗೆ ದೌಂಡನ್ನು ದಾಟಿದ ಮೇಲೆ ಕೇಡಗಾಂವ್ ಎಂಬ ಚಿಕ್ಕ ಸ್ಟೇಷನು ಸಿಕ್ಕುತ್ತದೆ. ಅದರ ಬಳಿಯಲ್ಲಿರುವ ಮುಕ್ತಿ ಎಂಬ ಆಶ್ರಮದ ಹೆಸರನ್ನು ನಮ್ಮ ಸಭೆಗಳವರಲ್ಲಿ ಕೆಲವರು ಕೇಳಿರಬಹುದು. ಆದರೆ ಅದನ್ನು ಕಟ್ಟಿದ ಪಂಡಿತಾ ರಮಾಬಾಯಿಯವರು ಕನ್ನಡ ನಾಡಿನಲ್ಲಿಯೇ ಹುಟ್ಟಿದವರೆಂಬುದನ್ನೂ, ಆ ಕೆಲಸದ ಬೀಜವು ಅವರಿಗೆ ಪರದೇಶದಲ್ಲಿ ದೊರೆಯಿತೆಂಬುದನ್ನೂ ಅನೇಕರು ಅರಿಯರು.

ಅವರು 1858ನೆಯ ಇಸವಿಯ ಏಪ್ರಿಲ್ 23ರಲ್ಲಿ ಸಹ್ಯಾದ್ರಿಯ ಗಂಗಾಮೂಲವೆಂಬ ಕಾಡಿನಲ್ಲಿ ಜನಿಸಿದರು. ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳದವರು. ಹೆಂಗಸಿಗೆ ಸಂಸ್ಕೃತ ಕಲಿಸುವುದು ಪಾಪವೆಂದು ಜನರೆಣಿಸುತ್ತಿದ್ದ ಆ ಕಾಲದಲ್ಲಿ ಶಾಸ್ತ್ರಿಗಳು ತಮ್ಮ ಹೆಂಡತಿಯಾದ ಲಕ್ಷ್ಮೀಬಾಯಿಗೆ ಅದನ್ನು ಕಲಿಸಿದರು. ತಾಯಿಯು ಮಗಳಿಗೆ ಕಲಿಸಿದಳು. ಕುಟುಂಬವೆಲ್ಲವೂ ಪುಣ್ಯಕ್ಷೇತ್ರಗಳಲ್ಲಿ ಪುರಾಣ ಹೇಳುತ್ತಾ ದೇಶವನ್ನು ತಿರುಗಿತು. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಹೋದರು. ಉಳಿದ ಅಣ್ಣತಂಗಿಯರು ಹಸಿದ ಹೊಟ್ಟೆಯಲ್ಲಿ ನಡೆದು ನಡೆದು 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಈ ಹುಡುಗಿಯನ್ನು ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. ಅಣ್ಣನೂ ಸತ್ತ ಮೇಲೆ, 1880ರಲ್ಲಿ, ಜಾತಿಯನ್ನೆಣಿಸದೆ ಬಂಗಾಳದ ವಕೀಲರೊಬ್ಬರನ್ನು ಮದುವೆಯಾದರು. ಎರಡು ವರ್ಷವೂ ತುಂಬುವದರೊಳಗೆ ಗಂಡನು ಮೃತನಾದನು. ಕೈಯಲ್ಲಿ ಉಳಿದದ್ದು ಮನೋರಮೆಯೆಂಬ ಕೂಸು ಮಾತ್ರವೇ.

ಆ ಕೂಸನ್ನೆತ್ತಿಕೊಂಡು 1883ರಲ್ಲಿ ಅವರು ಇಂಗ್ಲೆಂಡಿಗೆ ಹಡಗು ಹತ್ತಿದರು. ವೈದ್ಯವಿದ್ಯೆಯನ್ನು ಕಲಿಯಬೇಕೆಂಬುದು ಅವರ ಆಶೆಯಾಗಿತ್ತು; ಕಿವಿ ಮಂದವಾದದ್ದರಿಂದ ಅದು ನೆರವೇರಲಿಲ್ಲ. ಕ್ರೈಸ್ತಳಾಗುವದಿಲ್ಲವೆಂಬ ನಿಶ್ಚಯವನ್ನೂ ಕಟ್ಟಿಕೊಂಡೇ ಹೋಗಿದ್ದರು. ವಾಂಟೇಜ್ ಎಂಬ ಊರಿನಲ್ಲಿ ಕ್ರೈಸ್ತ ಸಹೋದರಿಯರ ಮಠದಲ್ಲಿದ್ದು, ಹಿಂದುಸ್ಥಾನಕ್ಕೆ ಬರಬೇಕಾಗಿದ್ದ ಸಹೋದರಿಯರಿಗೆ ಮರಾಠಿಯನ್ನು ಕಲಿಸಿ, ತಾವು ಇಂಗ್ಲಿಷನ್ನು ಕಲಿತರು. ಒಮ್ಮೆ ಆ ಸಹೋದರಿಯರು ಅವರನ್ನು ಲಂಡನ್ನಿನ ಫುಲ್‌ಹ್ಯಾಮಿನಲ್ಲಿದ್ದ ತಮ್ಮ ಮನೆಗೆ ಕರೆದುಕೊಂಡು ಹೋದರು. ದಾರಿತಪ್ಪಿ ಕೆಟ್ಟುಹೋದ ಹೆಂಗಸರು ಅಲ್ಲಿದ್ದರು. ಅವರನ್ನು ಒಳ್ಳೇ ಮನೆತನದ ಸ್ತ್ರೀಯರು ಸಂಬಳವನ್ನಾಗಲಿ ಹೆಸರನ್ನಾಗಲಿ ಬಯಸದೆ ಹೊತ್ತುಹೊತ್ತಿಗೆ ಉಣಿಸಿ, ಕೆಲಸ ಕಲಿಸಿ, ರೋಗದಲ್ಲಿ ಆರೈಕೆ ಮಾಡುತ್ತಿದ್ದರು. ಪತಿತಳಾದವಳನ್ನು ಊರ ಹೊರಗೆ ತಳ್ಳುವದನ್ನೇ ಕಂಡಿದ್ದ ಪಂಡಿತೆಯು ಬೆರಗಾಗಿ, ಇದಕ್ಕೆ ಕಾರಣವೇನೆಂದು ಕೇಳಿದರು. ಸಹೋದರಿಯರು ಸಮಾರ್ಯದ ಸ್ತ್ರೀಯೊಡನೆ ಬಾವಿಯ ಬಳಿಯಲ್ಲಿ ಕರ್ತನು ಮಾತಾಡಿದ ಸಂಗತಿಯನ್ನು ತಿಳಿಸಿದರು.

ನಾವು ಉಪದೇಶಿಗಳು ತರ್ಕವನ್ನು ಬಹಳವಾಗಿ ನಂಬುತ್ತೇವೆ. ವೇದಶಾಸ್ತ್ರಗಳನ್ನರಿತ ಈ ಸ್ತ್ರೀಯನ್ನು ತರ್ಕದಿಂದ ಗೆಲ್ಲುವದು ಯಾರಿಂದಾಗುತ್ತಿತ್ತು? ಆಕೆಯನ್ನು ಗೆದ್ದದ್ದು ಆ ಅಡಿಗೆಮನೆ, ಆ ಹಾಸಿಗೆಗಳು. 1883ರ ಸೆಪ್ಟೆಂಬರ್ 29ರಲ್ಲಿ ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಹೊಂದಿದರು.

ಬಳಿಕ ಚೆಲ್ಟನ್‌ಹ್ಯಾಮ್ ಊರಿನ ಸ್ತ್ರೀಯರ ಕಾಲೇಜಿನಲ್ಲಿ ಸಂಸ್ಕೃತವನ್ನು ಕಲಿಸಿದರು. ಆಕೆಯು ಗಂಡಸರಿಗೆ ಪಾಠ ಹೇಳಬಾರದೆಂದು ಬಿಷಪ್ಪರು ಆಕ್ಷೇಪಿಸಿದಾಗ ಸುಮ್ಮನಿರದೆ ವಾದಿಸಿದರು. ಹಿರಿಯರ ಮಾತನ್ನೂ ತೂಗಿಯೇ ಒಪ್ಪುವ ಈ ಸ್ವಭಾವವು ಅನೇಕರಿಗೆ ಮೊಂಡುತನವಾಗಿ ಕಂಡಿತು. ನನಗಾದರೋ ಅದಿಲ್ಲದಿದ್ದರೆ ಮುಂದಿನ ಕೆಲಸವೇ ನಡೆಯುತ್ತಿರಲಿಲ್ಲವೆಂದು ತೋರುತ್ತದೆ. 1886ರಲ್ಲಿ ಅಮೇರಿಕಕ್ಕೆ ಹೋಗಿ, ಚಿಕ್ಕ ಮಕ್ಕಳಿಗೆ ಆಟದ ಮೂಲಕ ಕಲಿಸುವ ಫ್ರೋಬೆಲ್ ಎಂಬವರ ಕಿಂಡರ್‌ಗಾರ್ಟನ್ ಪದ್ಧತಿಯನ್ನು ಕಲಿತರು. ನಮ್ಮ ದೇಶದ ಸ್ತ್ರೀಯರ ದುಃಖವನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದರು. 1887ರಲ್ಲಿ ಬಾಸ್ಟನ್ ಪಟ್ಟಣದವರು ಕೂಡಿ, ಹತ್ತು ವರ್ಷ ಸಹಾಯ ಮಾಡುವದಾಗಿ ಒಂದು ಸಂಘವನ್ನು ಏರ್ಪಡಿಸಿದರು.

1889ರ ಮಾರ್ಚ್ 11ರಲ್ಲಿ ಮುಂಬಯಿಯೊಳಗೆ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದು, ಮರುವರ್ಷ ಅದನ್ನು ಪುಣೆಗೆ ಸಾಗಿಸಿದರು. ಯಾರನ್ನೂ ಮತಕ್ಕೆ ಬಲವಂತಮಾಡದಿದ್ದರೂ ತಮ್ಮ ಪ್ರಾರ್ಥನೆಯ ಕೋಣೆಯ ಬಾಗಿಲನ್ನು ಅವರು ಮುಚ್ಚಲಿಲ್ಲ. ಹುಡುಗಿಯರು ಕೆಲವರು ಒಳಗೆ ಬಂದು ಕುಳಿತುಕೊಳ್ಳುತ್ತಿದ್ದರು. ಇದರಿಂದ 1893ರಲ್ಲಿ ಪುಣೆಯಲ್ಲಿ ದೊಡ್ಡ ಗದ್ದಲವೆದ್ದು, ಪೋಷಕರು ಅನೇಕ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಬಾಗಿಲನ್ನು ಮುಚ್ಚಿದ್ದರೆ ಶಾಲೆಯು ತುಂಬಿರುತ್ತಿತ್ತು, ಅವರು ಮುಚ್ಚಲಿಲ್ಲ.

1896ರ ಕ್ಷಾಮದ ಸುದ್ದಿಯು ಬಂದಾಗ ರಮಾಬಾಯಿಯವರಿಗೆ ತಮ್ಮ ತಂದೆತಾಯಿಗಳ ಸಾವು ನೆನಪಾಯಿತು. ಮಧ್ಯಪ್ರಾಂತಕ್ಕೆ ತಾವೇ ಹೋಗಿ, ಎಲುಬುಗೂಡುಗಳಾಗಿದ್ದ ನೂರಾರು ಹೆಂಗಸರನ್ನೂ ಹುಡುಗಿಯರನ್ನೂ ಕೇಡಗಾಂವಿನ ಹೊಲಕ್ಕೆ ಕರೆತಂದರು. ಹೀಗೆ ಮುಕ್ತಿಯು ಹುಟ್ಟಿತು. ಅಲ್ಲಿ ಓದುಬರಹದೊಡನೆ ನೇಯ್ಗೆ, ಎಣ್ಣೆಯ ಗಾಣ, ಹೈನು, ಅಚ್ಚುಕೂಟದ ಕೆಲಸಗಳನ್ನು ಹೆಂಗಸರೇ ನಡಿಸಿದರು. ಫುಲ್‌ಹ್ಯಾಮಿನಲ್ಲಿ ಕಂಡಂಥ ಮನೆಯೊಂದು ದಾರಿತಪ್ಪಿದವರಿಗಾಗಿ ಎದ್ದಿತು. ಕುರುಡರ ಮನೆಗೆ ಬಾರ್ತಿಮಾಯನ ಹೆಸರನ್ನಿಟ್ಟರು. ಬೆರಳಿನಿಂದ ಓದುವ ವಿದ್ಯೆಯನ್ನು ಅಲ್ಲಿ ಕಲಿಸಿದವರು ಮನೋರಮಾಬಾಯಿಯವರು.

ಆ ಮನೋರಮಾಬಾಯಿಯವರೇ ನಮ್ಮ ಕಡೆಗೂ ಬಂದರು. 1912ರ ಸುಮಾರಿಗೆ ತಾಯಿಯು ಕಲಬುರಗಿಯಲ್ಲಿ ಹುಡುಗಿಯರಿಗಾಗಿ ಕ್ರೈಸ್ತ ಶಾಲೆಯನ್ನು ತೆರೆದು ಮಗಳನ್ನು ಮುಖ್ಯಸ್ಥಳಾಗಿ ನೇಮಿಸಿದರು. ಆಗ ನಮ್ಮ ಸೀಮೆಯು ನಿಜಾಮರ ರಾಜ್ಯದಲ್ಲಿತ್ತು. ಹಳ್ಳಿಯ ಹುಡುಗಿಯು ಅಕ್ಷರ ಕಲಿಯುವದು ಅಪರೂಪ.

ಮಗಳು 1921ರಲ್ಲಿ ತಾಯಿಗಿಂತ ಮುಂಚೆಯೇ ಕರ್ತನಲ್ಲಿ ನಿದ್ರೆಹೋದಳು. ರಮಾಬಾಯಿಯವರು ಆಗ ಇಬ್ರಿಯ, ಗ್ರೀಕ್ ಮೂಲಗಳಿಂದ ಸತ್ಯವೇದವನ್ನು ಹಳ್ಳಿಯ ಹೆಂಗಸರಿಗೆ ತಿಳಿಯುವ ಮರಾಠಿಗೆ ತಿರುಗಿಸುತ್ತಿದ್ದರು. ದುಃಖದಲ್ಲಿಯೂ ಆ ಬರಹವನ್ನು ಬಿಡಲಿಲ್ಲ. ಅದನ್ನು ಮುಗಿಸಿ, 1922ರ ಏಪ್ರಿಲ್ 5ರಲ್ಲಿ ಕೇಡಗಾಂವಿನಲ್ಲಿ ತೀರಿಕೊಂಡರು.