ಬಾಬಾಸಾಹೇಬರ ಕಾಲುನೋವು



ಬಾಬಾಸಾಹೇಬರ ಬದುಕನ್ನು ಮಕ್ಕಳಿಗೆ ಹೇಳುವಾಗ ಅವರ ಕಾಲುನೋವಿನ ಸಂಗತಿಯನ್ನು ನಾನು ಬಿಡುವುದಿಲ್ಲ. ಸಕ್ಕರೆ ಕಾಯಿಲೆ, ಕಾಲಿನ ನರನೋವು, ನಿದ್ದೆಯಿಲ್ಲದ ರಾತ್ರಿಗಳು. ಸಂವಿಧಾನದ ಹೊಣೆ ಹೆಗಲ ಮೇಲಿದ್ದಾಗಲೂ ಅವರು ಬೊಂಬಾಯಿಯ ವೈದ್ಯರಿಗೆ ತೋರಿಸಿಕೊಂಡರು, ಇನ್ಸುಲಿನ್ ತೆಗೆದುಕೊಂಡರು. 1948ರ ಏಪ್ರಿಲ್ 15ರಂದು ವೈದ್ಯೆ ಶಾರದಾ ಕಬೀರರನ್ನು ಮದುವೆಯಾದ ಮೇಲೆ ಆರೈಕೆ ಮನೆಯಲ್ಲೇ ಸಿಕ್ಕಿತು. ಕಾಯಿಲೆ ವಾಸಿಯಾಗಲಿಲ್ಲ. ಆದರೂ 1949ರಲ್ಲಿ ಸಂವಿಧಾನ ಅಂಗೀಕಾರವಾಗುವುದನ್ನು ಕಂಡರು. 1956ರಲ್ಲಿ ನಾಗಪುರದಲ್ಲಿ ನಮ್ಮವರಿಗೆ ಧಮ್ಮ ಕೊಟ್ಟರು.

ದುಃಖವನ್ನು ಗುರುತಿಸಿ ಕಾರಣ ಹುಡುಕುವುದು ಧಮ್ಮದ ಮೊದಲ ಪಾಠ. ಸಕ್ಕರೆ ಕಾಯಿಲೆ ಇರುವವರು ಪಾದದಲ್ಲಿ ಉರಿ, ಜೋಮು, ಮಾಯದ ಗಾಯ ಕಂಡರೆ ಎಣ್ಣೆ ತಿಕ್ಕುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಗಾಯವಾಗಿಯೂ ನೋವೇ ಗೊತ್ತಾಗದಿದ್ದರೆ ಅಂದೇ ಹೋಗಿ.

ಜೈಭೀಮ್.