ಪುಸ್ತಕದ ಗಂಟು ಹೊತ್ತು ಓದುಗರನ್ನು ಅರಸಿದ ಗಳಗನಾಥರು

ಮೆಚ್ಚಿನ ಪುಸ್ತಕ ಯಾವುದೆಂಬ ಪ್ರಶ್ನೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡ ಕೂಟಗಳಲ್ಲಿ ಎದ್ದಾಗಲೆಲ್ಲ ಕುವೆಂಪು, ಕಾರಂತ, ಭೈರಪ್ಪನವರ ಕೃತಿಗಳ ಹೆಸರುಗಳು ಸಾಲುಗಟ್ಟಿ ಬರುತ್ತವೆ. ಇವರೆಲ್ಲರಿಗಿಂತ ಮೊದಲು ಕನ್ನಡಿಗರಿಗೆ ಕಾದಂಬರಿಯ ರುಚಿ ಹತ್ತಿಸಿದ ಹಿರಿಯರೊಬ್ಬರ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದು ಅಪರೂಪ. ಅವರು ಗಳಗನಾಥರು. ಮರಾಠಿಯ ನೆರೆಯಲ್ಲಿ ಬಾಳುತ್ತಿರುವ ನಮಗೆ ಅವರ ಜೀವನ ಬೇರೆಯವರಿಗಿಂತ ಹೆಚ್ಚು ಹತ್ತಿರದ್ದು ಎಂಬ ಕಾರಣಕ್ಕೆ ಅದನ್ನಿಲ್ಲಿ ನೆನೆಯುತ್ತಿದ್ದೇವೆ.

ಅವರ ನಿಜನಾಮ ವೆಂಕಟೇಶ ತಿರಕೋ ಕುಲಕರ್ಣಿ. ಹುಟ್ಟಿದ್ದು 1869ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಗಳಗನಾಥ ಗ್ರಾಮದಲ್ಲಿ. ವರದಾ ನದಿ ತುಂಗಭದ್ರೆಯನ್ನು ಕೂಡುವ ಈ ತಾಣದಲ್ಲಿ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವಿದೆ. ಊರಿನ ಹೆಸರನ್ನೇ ಅವರು ಕಾವ್ಯನಾಮ ಮಾಡಿಕೊಂಡರು. ಕಾಲಕ್ರಮದಲ್ಲಿ ಊರಿಗಿಂತ ಅವರೇ ಆ ಹೆಸರಿನಿಂದ ಪ್ರಸಿದ್ಧರಾದರು. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತು ಶಾಲಾ ಶಿಕ್ಷಕರಾಗಿ ಬದುಕು ಆರಂಭಿಸಿದರು.

ಆ ಕಾಲದ ಧಾರವಾಡ ಸೀಮೆಯ ಸ್ಥಿತಿಯನ್ನು ಇಲ್ಲಿ ತುಸು ಹೇಳಬೇಕು. ಮುಂಬಯಿ ಇಲಾಖೆಗೆ ಸೇರಿದ್ದ ಆ ಭಾಗದಲ್ಲಿ ಕಚೇರಿಯಲ್ಲೂ ಓದುಬಲ್ಲವರ ಮನೆಯಲ್ಲೂ ಮರಾಠಿಯದೇ ಮೇಲುಗೈಯಾಗಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಶ್ರಮಿಸಿದ್ದರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತ್ತು. ಅಕ್ಷರ ಕಲಿತ ಹುಡುಗ ಶಾಲೆ ಬಿಟ್ಟ ಮೇಲೆ ಕನ್ನಡದಲ್ಲಿ ಏನು ಓದಬೇಕು ಎಂಬ ಪ್ರಶ್ನೆಗೆ ಮಾತ್ರ ಸರಿಯಾದ ಉತ್ತರವಿರಲಿಲ್ಲ. ಪುರಾಣ, ಶಾಸ್ತ್ರ, ಪಠ್ಯಪುಸ್ತಕಗಳಿದ್ದವು. ಊಟ ಮರೆಸಿ ಓದಿಸಿಕೊಳ್ಳುವ ಕತೆ ಬೇಕೆಂದರೆ ಮರಾಠಿಯನ್ನೇ ಹಿಡಿಯಬೇಕಾಗಿತ್ತು. ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯ ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದು ಈ ಕೊರತೆ ನೀಗಿಸತೊಡಗಿದ್ದರು. ಉತ್ತರದಲ್ಲಿ ಆ ಭಾರ ಗಳಗನಾಥರ ಹೆಗಲೇರಿತು.

ಹೊರೆ ಅವರ ಹೆಗಲೇರಿದ್ದು ಬರಿಯ ಮಾತಿನಲ್ಲಲ್ಲ. ‘ಪ್ರಬುದ್ಧ ಪದ್ಮನಯನೆ’ ಕಾದಂಬರಿಗೆ ವಿದ್ಯಾವರ್ಧಕ ಸಂಘದ ಬಹುಮಾನ ಬಂದು ಲೇಖಕರೆಂಬ ಹೆಸರು ದೊರೆತ ಮೇಲೂ, ಅಚ್ಚಾದ ಪುಸ್ತಕ ಓದುಗನ ಕೈ ಸೇರುವ ದಾರಿ ಇರಲಿಲ್ಲ. ಹಳ್ಳಿಗಳಲ್ಲಿ ಪುಸ್ತಕದ ಅಂಗಡಿಯಿಲ್ಲ, ವಾಚನಾಲಯವಿಲ್ಲ. ಕನ್ನಡ ಕಾದಂಬರಿಗೆ ಕಾಸು ಕೊಡುವ ರೂಢಿಯೂ ಇಲ್ಲ. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮನೆಮನೆಗೆ ಹೋಗಿ ಮಾರಿದರು. ಗ್ರಂಥಕರ್ತನೇ ಬಾಗಿಲಿಗೆ ಬಂದು, ಇದನ್ನೊಮ್ಮೆ ಓದಿ ನೋಡಿ ಎಂದು ಕೇಳಿಕೊಳ್ಳುವ ದೃಶ್ಯವನ್ನು ಊಹಿಸಿಕೊಂಡರೆ ನಮಗೆ ಇಂದಿಗೂ ಸಂಕೋಚವಾಗುತ್ತದೆ. ಸಂಜೆಯ ಲೋಕಲ್ ಗಾಡಿಯಲ್ಲಿ ಕಲ್ಯಾಣದವರೆಗೆ ನಿಂತು ಬರುವಾಗ ಹೆಗಲಿನ ಒಂದು ಚೀಲವೇ ಭಾರವೆನಿಸುವ ನಾವು, ಬಿಸಿಲಿನ ಕಾಲುದಾರಿಯಲ್ಲಿ ಆ ಗಂಟು ಎಷ್ಟು ತೂಗಿದ್ದೀತೆಂದು ಲೆಕ್ಕ ಹಾಕಲಾರೆವು.

ಅವರ ಬಾಳಿನ ಮುಖ್ಯ ಘಟ್ಟ ಅಗಡಿಯ ಆನಂದವನದ್ದು. ಶ್ರೀ ಶೇಷಾಚಲ ಸದ್ಗುರುಗಳ ಆ ಆಶ್ರಮದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ಗಳಗನಾಥರು ನಡೆಸಿದರು. ಅದರಲ್ಲಿ ಭಕ್ತಿ, ನೀತಿಗಳ ಲೇಖನಗಳ ಜೊತೆಗೆ ಕಾದಂಬರಿಯೂ ಕಂತುಗಳಲ್ಲಿ ಬರುತ್ತಿತ್ತು. ಸದ್ಬೋಧಕ್ಕೆಂದು ಪತ್ರಿಕೆ ತರಿಸಿದ ಮನೆಯಲ್ಲಿ ಮುಂದಿನ ಕಂತಿಗಾಗಿ ಕಾಯುವವರು ಹುಟ್ಟಿಕೊಂಡರು. ಇದು ಗಳಗನಾಥರ ಜಾಣ್ಮೆಯೇ ಎಂದು ನಮ್ಮ ಎಣಿಕೆ. ಮುಂದೆ ಅವರು ಅಲ್ಲಿಂದ ಹೊರಬಂದು ಹಾವೇರಿಯಲ್ಲಿ ‘ಸದ್ಗುರು’ ಎಂಬ ಪತ್ರಿಕೆಯನ್ನು ತಾವೇ ನಡೆಸಿದರು.

ಅವರು ಬರೆದ ಇಪ್ಪತ್ತಕ್ಕೂ ಹೆಚ್ಚಿನ ಕಾದಂಬರಿಗಳಲ್ಲಿ ಅನೇಕವುಗಳ ಮೂಲ ಮರಾಠಿ. ಅದರಲ್ಲೂ ಅವರು ಬಹುವಾಗಿ ಮೆಚ್ಚಿದ್ದು ಪುಣೆಯ ಹರಿ ನಾರಾಯಣ ಆಪ್ಟೆಯವರನ್ನು. ಆಪ್ಟೆಯವರು ಹುಟ್ಟಿದ್ದು 1864ರಲ್ಲಿ. ನಮ್ಮ ಕಲ್ಯಾಣದ ಸಾರ್ವಜನಿಕ ವಾಚನಾಲಯ ಆರಂಭವಾದ ವರ್ಷವೂ ಅದೇ. ಥಾಣೆಯ ಮರಾಠಿ ಗ್ರಂಥಸಂಗ್ರಹಾಲಯ 1893ರದು. ಕನ್ನಡದಲ್ಲಿ ಲೇಖಕನೇ ಗಂಟು ಹೊರಬೇಕಾಗಿದ್ದ ಕಾಲಕ್ಕೆ ಮರಾಠಿಯವರು ಊರಿನ ಮಧ್ಯೆ ಪುಸ್ತಕಕ್ಕೊಂದು ಮನೆ ಕಟ್ಟಿಕೊಂಡಿದ್ದರು. ಆಪ್ಟೆಯವರ ಹಿಂದೆ ಇಂಥ ಓದುಗ ಸಮಾಜವಿತ್ತು. ಗಳಗನಾಥರಿಗೆ ಮರಾಠಿಯ ಮೇಲೆ ಹಗೆಯಿರಲಿಲ್ಲ. ಆ ಭಾಷೆಯಲ್ಲಿ ತಾವು ಸವಿದದ್ದು ಅದನ್ನರಿಯದ ತಮ್ಮ ಜನಕ್ಕೂ ಸಿಗಲೆಂದು ದುಡಿದರು.

ವಿಜಯನಗರದ ಪತನವನ್ನು ಕುರಿತ ಆಪ್ಟೆಯವರ ‘ವಜ್ರಾಘಾತ’ವನ್ನು ಅವರು ‘ಕನ್ನಡಿಗರ ಕರ್ಮಕಥೆ’ ಎಂದು ಕನ್ನಡಕ್ಕೆ ತಂದರು. ಹೆಸರಿನ ಬದಲಾವಣೆಯಲ್ಲೇ ಅವರ ಮನಸ್ಸು ಕಾಣುತ್ತದೆ. 1565ರ ಸೋಲು ಮೂಲದಲ್ಲಿ ಒಂದು ಸಾಮ್ರಾಜ್ಯಕ್ಕೆ ಬಡಿದ ಸಿಡಿಲು. ಕನ್ನಡದಲ್ಲಿ ಅದು ಓದುವವನ ಸ್ವಂತ ಮನೆಯ ದುಃಖ. ತಮ್ಮ ನಾಡಿನ ಕತೆಯನ್ನು ಮರಾಠಿಯಿಂದ ಕೇಳಿ ತರಬೇಕಾಯಿತೆಂಬುದು ಅವರನ್ನು ಕಾಡಿರಬೇಕು. 1917ರಲ್ಲಿ ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂದು ನಾಡಿನ ಇತಿಹಾಸದ ಹಂಬಲ ಹರಡಿದ್ದ ಆ ದಿನಗಳಲ್ಲಿ, 1923ರಲ್ಲಿ ಗಳಗನಾಥರ ‘ಮಾಧವ ಕರುಣಾ ವಿಲಾಸ’ ಪ್ರಕಟವಾಯಿತು. ವಿದ್ಯಾರಣ್ಯರನ್ನೂ ವಿಜಯನಗರದ ಸ್ಥಾಪನೆಯನ್ನೂ ವಸ್ತುವಾಗುಳ್ಳ ಈ ಬೃಹತ್ ಕಾದಂಬರಿ ಅವರ ಸ್ವತಂತ್ರ ಕೃತಿ.

ಅವರಲ್ಲಿ ಕೊರತೆಗಳಿಲ್ಲವೆಂದಲ್ಲ. ಸಂಸ್ಕೃತಭೂಯಿಷ್ಠ ಶೈಲಿ ಇಂದಿನ ಓದುಗನನ್ನು ದಣಿಸುತ್ತದೆ. ಕತೆ ಓಡುತ್ತಿರುವಾಗ ತಡೆದು ಧರ್ಮೋಪದೇಶ ಮಾಡುವುದನ್ನು ಅವರು ಬಿಡಲಾರರು. ಸ್ತ್ರೀಯರ ಆದರ್ಶದ ಬಗ್ಗೆ ಅವರ ನಿಲುವುಗಳು ಅವರ ಕಾಲಕ್ಕೇ ಹಳೆಯವೆನಿಸಿದ್ದರೂ ಆಶ್ಚರ್ಯವಿಲ್ಲ. ಆದರೂ ಮುಂದಿನ ತಲೆಮಾರಿನ ಎಷ್ಟೋ ಮಂದಿ ಬಾಲ್ಯದಲ್ಲಿ ಹಿಡಿದ ಮೊದಲ ಕಾದಂಬರಿ ಗಳಗನಾಥರದೋ ವೆಂಕಟಾಚಾರ್ಯರದೋ ಆಗಿತ್ತು. ಕನ್ನಡ ಕಾದಂಬರಿಯ ಪಿತಾಮಹರೆಂಬ ಬಿರುದು ಅವರಿಗೆ ಸಂದದ್ದು ಈ ಋಣಕ್ಕಾಗಿ.

ಗಳಗನಾಥರು 1942ರಲ್ಲಿ ತೀರಿಕೊಂಡರು. ಕರ್ನಾಟಕ ಒಂದಾಗಲು ಇನ್ನೂ 14 ವರ್ಷಗಳಿದ್ದವು. ಅವರ ಪುಸ್ತಕಗಳು ಇಂದು ಹೆಚ್ಚಾಗಿ ಹಳೆಯ ಗ್ರಂಥಾಲಯಗಳ ಕಪಾಟಿನಲ್ಲಿವೆ.

ನಮ್ಮ ಮನೆಗಳ ಮಕ್ಕಳಲ್ಲಿ ಅನೇಕರು ಶಾಲೆಯಲ್ಲಿ ಮರಾಠಿ ಕಲಿಯುತ್ತಾರೆ. ಕನ್ನಡವನ್ನು ಮಾತನಾಡುತ್ತಾರೆ, ಓದುವುದು ಕಡಿಮೆ. ಅಂಥ ಮನೆಯವರಿಗೆ ಒಂದು ಸೂಚನೆ: ಆಪ್ಟೆಯವರ ‘ವಜ್ರಾಘಾತ’ವನ್ನೂ ಗಳಗನಾಥರ ‘ಕನ್ನಡಿಗರ ಕರ್ಮಕಥೆ’ಯನ್ನೂ ಒಟ್ಟಿಗೆ ತಂದು, ಒಂದೊಂದು ಪ್ರಕರಣವನ್ನು ಮಕ್ಕಳು ಮರಾಠಿಯಲ್ಲಿ, ಹಿರಿಯರು ಕನ್ನಡದಲ್ಲಿ ಗಟ್ಟಿಯಾಗಿ ಓದಿ ನೋಡಬಹುದು.