ಹುಡುಗನ ಹಿಂದೆ ಒಂದು ಮನೆಯಿದೆ: ಜೇನ್ ಆಡಮ್ಸ್ ಬದುಕಿನಿಂದ ನಾನು ಕಲಿತದ್ದು

ಅಭ್ಯಾಸ ಬೋಧನೆಯ ಎರಡನೇ ವಾರ ನನ್ನ ಎಂಟನೇ ತರಗತಿಯ ಒಬ್ಬ ಹುಡುಗ ಪಕ್ಕದವನ ನೋಟ್‌ಪುಸ್ತಕ ಹರಿದು ಹಾಕಿದ. ಅದಕ್ಕೂ ಮುಂಚೆ ಎರಡು ದಿನ ಹೇಳದೆ ಶಾಲೆ ತಪ್ಪಿಸಿದ್ದ. ಪ್ರಕರಣ ಅಧ್ಯಯನಕ್ಕೆ ಅವನನ್ನೇ ಆರಿಸಿಕೊಂಡೆ. ಸಮಸ್ಯೆಯ ಕಾಲಂ ಐದೇ ನಿಮಿಷದಲ್ಲಿ ತುಂಬಿತು. ಕಾರಣದ ಕಾಲಂನಲ್ಲಿ ಶಿಸ್ತಿಲ್ಲ ಎಂದಷ್ಟೇ ಬರೆದೆ. ನಮ್ಮ ಮಾರ್ಗದರ್ಶಕ ಮೇಡಂ ಆ ಪದದ ಕೆಳಗೆ ಗೆರೆ ಎಳೆದು, ಗ್ರಂಥಾಲಯದಲ್ಲಿ ಜೇನ್ ಆಡಮ್ಸ್ ಅವರ ಬಗ್ಗೆ ಓದಿಕೊಂಡು ಬರಲು ಹೇಳಿದರು. ಓದಿದ್ದನ್ನು ಸಹಪಾಠಿಗಳೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಜೇನ್ ಹುಟ್ಟಿದ್ದು 1860ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದ ಸೀಡರ್‌ವಿಲ್ ಎಂಬ ಹಳ್ಳಿಯಲ್ಲಿ. ತಂದೆ ಹಿಟ್ಟಿನ ಗಿರಣಿಯ ಒಡೆಯರು, ರಾಜ್ಯದ ಶಾಸಕರು. ಎರಡು ವರ್ಷದವರಿದ್ದಾಗಲೇ ತಾಯಿ ತೀರಿಕೊಂಡರು. ವೈದ್ಯಕೀಯ ಓದಲು ಸೇರಿದರೂ ಬೆನ್ನುಮೂಳೆಯ ತೊಂದರೆಯಿಂದ ಅರ್ಧಕ್ಕೇ ಬಿಡಬೇಕಾಯಿತು. 1888ರಲ್ಲಿ ಲಂಡನ್ನಿನ ಟಾಯ್ನ್‌ಬಿ ಹಾಲ್ ನೋಡಿದರು. ಅಲ್ಲಿ ಓದಿದ ತರುಣರು ಬಡವರ ಕೇರಿಯಲ್ಲೇ ವಾಸವಾಗಿದ್ದರು. ಮರುವರ್ಷ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆ ಷಿಕಾಗೋದ ವಲಸೆಗಾರರ ಕೇರಿಯಲ್ಲಿ ಹಲ್ ಹೌಸ್ ತೆರೆದರು. ಅಲ್ಲಿ ಮೊದಮೊದಲು ಆರಂಭವಾದ ಕೆಲಸಗಳಲ್ಲಿ ಶಿಶುವಿಹಾರವೂ ಒಂದು.

ನೆರೆಹೊರೆಯಲ್ಲಿ ಅವರು ಕಂಡ ಮೂರು ಮಕ್ಕಳ ಸಂಗತಿ ನನ್ನನ್ನು ಬಹಳ ಕಾಡಿತು. ಒಂದು ಮಗು ಮೂರನೇ ಮಹಡಿಯ ಕಿಟಕಿಯಿಂದ ಬಿದ್ದಿತ್ತು. ಇನ್ನೊಂದಕ್ಕೆ ಸುಟ್ಟ ಗಾಯ. ಮೂರನೆಯದರ ಬೆನ್ನು ಬಾಗಿತ್ತು. ಮೂರು ವರ್ಷ ಅದನ್ನು ದಿನವಿಡೀ ಅಡುಗೆಮನೆಯ ಮೇಜಿನ ಕಾಲಿಗೆ ಕಟ್ಟಿ ಹಾಕಲಾಗಿತ್ತು. ತಾಯಂದಿರು ಕ್ರೂರಿಗಳಲ್ಲ. ಅವರು ಕೂಲಿಗೆ ಹೋದರೆ ಮಗುವನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ, ಅಷ್ಟೆ.

ಆ ಕಾಲದಲ್ಲಿ ತಪ್ಪು ಮಾಡಿದ ಮಕ್ಕಳು ದೊಡ್ಡವರ ಜೊತೆಗೇ ಜೈಲಿನಲ್ಲಿರುತ್ತಿದ್ದರು. ಹಲ್ ಹೌಸ್‌ನ ಜೂಲಿಯಾ ಲ್ಯಾಥ್ರಾಪ್ ಮತ್ತು ಷಿಕಾಗೋ ಮಹಿಳಾ ಸಂಘದವರ ಹೋರಾಟದಿಂದ 1899ರ ಜುಲೈನಲ್ಲಿ ಅಲ್ಲಿ ಬಾಲ ನ್ಯಾಯಾಲಯ ಆರಂಭವಾಯಿತು. ಅಮೆರಿಕದಲ್ಲಿ ಅದೇ ಮೊದಲನೆಯದು. 16 ವರ್ಷದೊಳಗಿನವರಿಗೆ ಶಿಕ್ಷೆಗಿಂತ ಆರೈಕೆ ಮುಖ್ಯ ಎಂಬುದು ಅದರ ತತ್ವ. ಮಗುವಿನ ಮನೆಗೆ ಹೋಗಿ ಬರಲು ಕಾನೂನು ಪ್ರೊಬೇಷನ್ ಅಧಿಕಾರಿಗಳನ್ನು ಕೊಟ್ಟಿತು, ಸಂಬಳ ಕೊಡಲಿಲ್ಲ! ಮಹಿಳೆಯರೇ ಹಣ ಕೂಡಿಸಿದರು. ಮೊದಲ ಅಧಿಕಾರಿ ಹಲ್ ಹೌಸ್‌ನಲ್ಲೇ ವಾಸವಾಗಿದ್ದ ಆಲ್ಜೀನಾ ಸ್ಟೀವನ್ಸ್. ಅವರು ಸ್ವತಃ ಬಾಲ್ಯದಲ್ಲಿ ಗಿರಣಿ ಕೆಲಸದಲ್ಲಿ ಬೆರಳು ಕಳೆದುಕೊಂಡವರು.

ನ್ಯಾಯಾಲಯಕ್ಕೆ ಬಂದ ಹುಡುಗರ ತಪ್ಪುಗಳನ್ನು ಜೇನ್ 1909ರ ತಮ್ಮ ಪುಸ್ತಕವೊಂದರಲ್ಲಿ ಪಟ್ಟಿ ಮಾಡಿದ್ದಾರೆ. ಒಬ್ಬ ಓಡುವ ರೈಲಿನ ಕಿಟಕಿಗೆ ಕಲ್ಲು ಹೊಡೆದಿದ್ದ. ಇನ್ನೊಬ್ಬ ಬೆಂಕಿ ಆರಿಸುವ ಗಾಡಿ ಬರುವುದನ್ನು ನೋಡಲೆಂದೇ ಕೊಟ್ಟಿಗೆಗೆ ಬೆಂಕಿ ಇಟ್ಟಿದ್ದ. ಇದರಲ್ಲಿ ಜೇನ್ ಕಂಡದ್ದು ದುಷ್ಟತನವನ್ನಲ್ಲ, ಆಡಲು ಜಾಗವಿಲ್ಲದ ನಗರದಲ್ಲಿ ಸಾಹಸಕ್ಕಾಗಿ ಹಾತೊರೆಯುವ ಮನಸ್ಸನ್ನು. 1911ರಲ್ಲಿ ಇಲಿನಾಯ್ ಇನ್ನೊಂದು ಹೆಜ್ಜೆ ಇಟ್ಟಿತು. ಬಡತನದ ಕಾರಣಕ್ಕೆ ಮಗುವನ್ನು ಅನಾಥಾಲಯಕ್ಕೆ ಕಳಿಸುವ ಬದಲು, ಬಾಲ ನ್ಯಾಯಾಲಯವೇ ತಾಯಿಗೆ ಹಣದ ನೆರವು ಮಂಜೂರು ಮಾಡಬಹುದಾಯಿತು.

ಈ ವ್ಯವಸ್ಥೆಯಲ್ಲಿ ಕೊರತೆಯೂ ಇತ್ತು. ಕರುಣೆಯ ಹೆಸರಿನಲ್ಲಿ ಮಕ್ಕಳ ಹಕ್ಕು ಹಿಂದೆ ಬಿತ್ತು. ವಿಚಾರಣೆಯಲ್ಲಿ ಮಗುವಿಗೂ ವಕೀಲರ ನೆರವು ಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ ಗಾಲ್ಟ್ ಪ್ರಕರಣದಲ್ಲಿ ಹೇಳಿದ್ದು 1967ರಲ್ಲಿ. ಅಷ್ಟರಲ್ಲಿ ಜೇನ್ ತೀರಿಕೊಂಡು 32 ವರ್ಷಗಳಾಗಿದ್ದವು. 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಅವರು 1935ರ ಮೇ 21ರಂದು ನಿಧನರಾದರು.

ನಮ್ಮಲ್ಲೂ 2015ರ ಬಾಲ ನ್ಯಾಯ ಕಾಯ್ದೆಯಂತೆ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರಿರುತ್ತಾರೆ. ಮಗು ಬೆಳೆದ ಪರಿಸರದ ಬಗ್ಗೆ ಸಾಮಾಜಿಕ ತನಿಖಾ ವರದಿಯನ್ನೂ ತರಿಸಿಕೊಳ್ಳುತ್ತಾರೆ. ಆದರೆ ಮಂಡಳಿಯ ಬಾಗಿಲಿಗೆ ಹೋಗುವ ಎಷ್ಟೋ ಮೊದಲೇ ಮಗು ನಮ್ಮ ತರಗತಿಯಲ್ಲಿ ಕೂತಿರುತ್ತದೆ.

ಓದಿದ ಮೇಲೆ ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಹುಡುಗನ ಮನೆಗೆ ಹೋದೆ. ತಂದೆ ಇಲ್ಲ. ತಾಯಿ ಬೆಳಕು ಹರಿಯುವ ಮುನ್ನವೇ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಡುತ್ತಾರೆ. ಅವನು ಶಾಲೆ ತಪ್ಪಿಸಿದ ಎರಡು ದಿನ ತಂಗಿಗೆ ಜ್ವರವಿತ್ತು. ಅದನ್ನೇ ಹಿಡಿದು ಆಡಿಕೊಂಡವನ ಪುಸ್ತಕ ಅವನು ಹರಿದಿದ್ದ. ಹರಿದದ್ದು ತಪ್ಪೇ, ಅವನಿಂದಲೇ ಹೊಸ ಪುಸ್ತಕಕ್ಕೆ ನೋಟ್ಸ್ ಬರೆಸಿಕೊಟ್ಟೆ. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದ ನೆರವಿಗಾಗಿ ತಾಯಿಯ ಅರ್ಜಿಯನ್ನು ಮುಖ್ಯ ಶಿಕ್ಷಕರು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕಳಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

ನನ್ನ ಅಭ್ಯಾಸ ಬೋಧನೆ ಮುಗಿದಿದೆ. ಪ್ರಕರಣ ಅಧ್ಯಯನದ ಕಾರಣದ ಕಾಲಂ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಈ ಸಲ ಒಂದು ಪುಟ ಸಾಲಲಿಲ್ಲ.